ಅಂಧ ಪ್ರೋಗ್ರಾಮರ್ ಟೇಬಲ್ ಕಟ್ಟುವಾಗ: ಗ್ರಿಡ್ ಬೇಕೆ, ಲಿಸ್ಟ್ ಸಾಕೆ?

ಪ್ರಶ್ನೆ: ನಾನು ಪೂರ್ಣ ಅಂಧ. ವಿಂಡೋಸ್‌ನಲ್ಲಿ ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಬಳಸಿ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುತ್ತೇನೆ. ಯಂತ್ರಗಳ ಬಿಡಿಭಾಗಗಳ ದಾಸ್ತಾನು ನೋಡಿಕೊಳ್ಳುವ ಡೆಸ್ಕ್‌ಟಾಪ್ ತಂತ್ರಾಂಶವೊಂದನ್ನು ಡಬ್ಲ್ಯುಎಕ್ಸ್‌ಪೈಥಾನ್ ಎಂಬ ಟೂಲ್‌ಕಿಟ್‌ನಲ್ಲಿ (ಕಿಟಕಿ, ಗುಂಡಿ, ಪಟ್ಟಿಗಳಂಥ ಕಂಟ್ರೋಲ್‌ಗಳನ್ನು ಒದಗಿಸುವ ಲೈಬ್ರರಿ) ಕಟ್ಟುತ್ತಿದ್ದೇನೆ. ಸುಮಾರು 5,000 ಸಾಲು, ಆರು ಕಾಲಂ. ಮೊದಲು ಗ್ರಿಡ್ ಕಂಟ್ರೋಲ್ ಹಾಕಿದೆ. ದೃಷ್ಟಿ ಇರುವ ಸಹೋದ್ಯೋಗಿಗೆ ಎಲ್ಲವೂ ಚೆನ್ನಾಗಿ ಕಾಣುತ್ತದಂತೆ, ನನಗೆ ಮಾತ್ರ ಬಾಣದ ಕೀ ಒತ್ತಿದರೆ ಏನೂ ಕೇಳಿಸುವುದಿಲ್ಲ. ಲಿಸ್ಟ್ ಕಂಟ್ರೋಲ್ ಹಾಕಿದರೆ ನನಗೆ ಎಲ್ಲವೂ ಸರಿಯಾಗಿ ಕೇಳುತ್ತದೆ, ಆದರೆ ಅವರು ಅಕ್ಷರಗಳು ಅರ್ಧಕ್ಕೇ ನಿಂತಿವೆ ಎನ್ನುತ್ತಾರೆ. ಬೇರೆ ಟೂಲ್‌ಕಿಟ್‌ಗೆ ಹೋಗಬೇಕೆ? ನನಗೆ ಕಾಣದ ಟೇಬಲ್ ಸರಿಯಾಗಿದೆ ಎಂದು ನಾನೇ ಹೇಗೆ ಖಚಿತಪಡಿಸಿಕೊಳ್ಳಲಿ?

ಉತ್ತರ: ನಿಮ್ಮ ಎರಡು ದೂರುಗಳ ಮೂಲ ಒಂದೇ. ನಾವು ಟೇಬಲ್ ಎಂದು ಕರೆಯುವುದು ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ವಾಸ್ತವವಾಗಿ ಎರಡು ವಸ್ತುಗಳು: ಪರದೆಯ ಮೇಲೆ ಪಿಕ್ಸೆಲ್‌ಗಳಾಗಿ ಮೂಡುವುದು ಒಂದು, ಆಪರೇಟಿಂಗ್ ಸಿಸ್ಟಂನ ಆಕ್ಸೆಸಿಬಿಲಿಟಿ ಎಪಿಐ (ತಂತ್ರಾಂಶಗಳು ಪರಸ್ಪರ ಮಾಹಿತಿ ಕೊಟ್ಟು ಪಡೆಯುವ ವ್ಯವಸ್ಥೆ) ಮೂಲಕ ಸ್ಕ್ರೀನ್ ರೀಡರ್‌ಗೆ ತಲಪುವುದು ಇನ್ನೊಂದು. ನಿಮ್ಮ ಗ್ರಿಡ್‌ನಲ್ಲಿ ಮೊದಲನೆಯದು ಮಾತ್ರ ಇತ್ತು. ಲಿಸ್ಟ್‌ನಲ್ಲಿ ಎರಡೂ ಇವೆ, ಆದರೆ ಕೇಳುವ ಟೇಬಲ್ ಸರಿಯಾಗಿರುವುದರಿಂದ ಕಾಣುವ ಟೇಬಲ್ ಕೂಡ ಸರಿಯಾಗಿದೆ ಎಂದು ನೀವು ನಂಬಿಕೊಂಡಿರಿ. ಟೂಲ್‌ಕಿಟ್ ಬದಲಿಸುವ ಅಗತ್ಯ ನನಗೆ ಕಾಣುತ್ತಿಲ್ಲ; ಲಿಸ್ಟ್ ಕಂಟ್ರೋಲನ್ನೇ ಉಳಿಸಿಕೊಂಡು, ಎರಡು ಟೇಬಲ್‌ಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವ ಕ್ರಮವನ್ನು ರೂಢಿಸಿಕೊಳ್ಳಿ.

ಗ್ರಿಡ್ ಏಕೆ ಮೌನವಾಗಿತ್ತು ಎಂಬುದನ್ನು ಮೊದಲು ತಿಳಿಯೋಣ. ಡಬ್ಲ್ಯುಎಕ್ಸ್‌ನ ಗ್ರಿಡ್, ವಿಂಡೋಸ್ ಒದಗಿಸುವ ಕಂಟ್ರೋಲ್ ಅಲ್ಲ. ಅದು ಒಂದು ಖಾಲಿ ಕಿಟಕಿಯನ್ನು ಪಡೆದು, ಅದರೊಳಗೆ ಗೆರೆಗಳನ್ನೂ ಅಕ್ಷರಗಳನ್ನೂ ತಾನೇ ಬರೆಯುತ್ತದೆ. ವಿಂಡೋಸ್‌ನ ಲೆಕ್ಕದಲ್ಲಿ ಅಲ್ಲಿ ಸಾಲೂ ಇಲ್ಲ, ಸೆಲ್ಲೂ ಇಲ್ಲ. ಬರಿಯ ಒಂದು ಆಯತ ಇದೆ. ಬಾಣದ ಕೀ ಒತ್ತಿದಾಗ ಬಣ್ಣದ ಚೌಕಟ್ಟು ಪಕ್ಕದ ಸೆಲ್‌ಗೆ ಸರಿಯುತ್ತದೆ, ಆದರೆ ಫೋಕಸ್ (ಕೀಬೋರ್ಡ್ ಈಗ ನಿಂತಿರುವ ಜಾಗ) ಬದಲಾಯಿತು ಎಂಬ ಸುದ್ದಿ ಯಾರಿಗೂ ಹೋಗುವುದಿಲ್ಲ, ಆದ್ದರಿಂದ ಎನ್‌ವಿಡಿಎ ಹೇಳಲು ಏನೂ ಇರುವುದಿಲ್ಲ. ಲಿಸ್ಟ್ ಕಂಟ್ರೋಲ್‌ನ ಕಥೆ ಬೇರೆ. ಕಾಲಂಗಳಾಗಿ ತೋರಿಸುವ ರಿಪೋರ್ಟ್ ಶೈಲಿಯಲ್ಲಿ ಹಾಕಿದ ಡಬ್ಲ್ಯುಎಕ್ಸ್ ಲಿಸ್ಟ್ ಕಂಟ್ರೋಲ್, ವಿಂಡೋಸ್‌ನಲ್ಲಿ ಸಿಸ್ಟಂನದೇ ಲಿಸ್ಟ್ ವ್ಯೂ ಆಗಿರುತ್ತದೆ. ಅದರ ಕ್ಲಾಸ್ ಹೆಸರು, ಅಂದರೆ ವಿಂಡೋಸ್ ಆ ಬಗೆಯ ಕಂಟ್ರೋಲ್‌ಗೆ ಕೊಟ್ಟ ಗುರುತು, ಸಿಸ್‌ಲಿಸ್ಟ್‌ವ್ಯೂ32. ಈ ಕ್ಲಾಸನ್ನು ಎನ್‌ವಿಡಿಎ, ಜಾಸ್, ನರೇಟರ್ ಎಂಬ ಸ್ಕ್ರೀನ್ ರೀಡರ್‌ಗಳೆಲ್ಲವೂ ಚೆನ್ನಾಗಿ ಬಲ್ಲವು.

ಹಿನ್ನೆಲೆಯ ಒಂದೆರಡು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಮೈಕ್ರೋಸಾಫ್ಟ್ ಆಕ್ಟಿವ್ ಆಕ್ಸೆಸಿಬಿಲಿಟಿ 1997ರಲ್ಲಿ ಬಂದಾಗ ಅದಕ್ಕೆ ತಿಳಿದಿದ್ದುದು ಒಂದು ವಸ್ತುವಿನ ಹೆಸರು, ಪಾತ್ರ, ಸ್ಥಿತಿ, ಮೌಲ್ಯ ಇಷ್ಟೇ. ಇದು ಇಷ್ಟನೇ ಸಾಲಿನ ಇಷ್ಟನೇ ಕಾಲಂ ಎಂದು ಹೇಳುವ ವ್ಯವಸ್ಥೆ ಅದರಲ್ಲಿರಲಿಲ್ಲ. 2006ರ ಹೊತ್ತಿಗೆ ಆ ಕೊರತೆ ತುಂಬಲು ಎರಡು ದಾರಿಗಳು ತೆರೆದವು: ಐಬಿಎಂ ರೂಪಿಸಿದ ಐಆಕ್ಸೆಸಿಬಲ್2 ಮತ್ತು ಮೈಕ್ರೋಸಾಫ್ಟ್‌ನದೇ ಯುಐ ಆಟೊಮೇಷನ್. ಯುಐ ಆಟೊಮೇಷನ್‌ನಲ್ಲಿ ಗ್ರಿಡ್ ಪ್ಯಾಟರ್ನ್ ಮತ್ತು ಟೇಬಲ್ ಪ್ಯಾಟರ್ನ್ ಎಂಬ ಎರಡು ಪ್ರತ್ಯೇಕ ಒಪ್ಪಂದಗಳಿವೆ. ಮೊದಲನೆಯದು ಸಾಲು ಎಷ್ಟು, ಕಾಲಂ ಎಷ್ಟು, ಯಾವ ಸ್ಥಾನದಲ್ಲಿ ಯಾವ ಸೆಲ್ ಇದೆ ಎಂಬುದನ್ನು ತಿಳಿಸುತ್ತದೆ. ಎರಡನೆಯದು ಅದರ ಮೇಲೆ ಶೀರ್ಷಿಕೆಗಳನ್ನು ಸೇರಿಸುತ್ತದೆ. ಸ್ವತಃ ಚಿತ್ರಿಸಿಕೊಳ್ಳುವ ಕಂಟ್ರೋಲ್‌ನ ಲೇಖಕರು ಇವನ್ನೆಲ್ಲ ಕೈಯಾರೆ ಒದಗಿಸಬೇಕು. ಡಬ್ಲ್ಯುಎಕ್ಸ್‌ನಲ್ಲಿ ಆಕ್ಸೆಸಿಬಲ್ ಎಂಬ ಕ್ಲಾಸನ್ನು ವಿಸ್ತರಿಸಿ, ಮಕ್ಕಳ (ಅಂದರೆ ಒಳಗಿರುವ ಸೆಲ್‌ಗಳ) ಸಂಖ್ಯೆ, ಪ್ರತಿ ಮಗುವಿನ ಹೆಸರು, ಪಾತ್ರ, ಸ್ಥಿತಿಗಳನ್ನು ಹಿಂದಿರುಗಿಸಿ, ಪ್ರತಿ ಚಲನೆಗೂ ಫೋಕಸ್ ಘಟನೆ ಕಳಿಸಿ ಗ್ರಿಡ್‌ಗೆ ಮಾತು ಬರಿಸಬಹುದು. ಆದರೆ ಅದು ವಿಂಡೋಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಮತ್ತು ಟೇಬಲ್‌ನ ಪೂರ್ಣ ಅರ್ಥವನ್ನು ಕೊಡದ ಆ ಹಳೆಯ 1997ರ ಎಪಿಐ ಮೇಲೆಯೇ ನಿಂತಿದೆ. ದಾಸ್ತಾನಿನ ತಂತ್ರಾಂಶಕ್ಕಾಗಿ ಈ ಶ್ರಮ ತೆಗೆದುಕೊಳ್ಳಿ ಎಂದು ನಾನು ಹೇಳಲಾರೆ.

ಹಾಗಾದರೆ ಗ್ರಿಡ್ ಎಂದಾದರೂ ಬೇಕೆ? ಈ ಪ್ರಶ್ನೆಯನ್ನು ಕಂಟ್ರೋಲ್‌ಗಳ ಹೆಸರಿನಿಂದ ಆರಂಭಿಸದೆ, ಬಳಕೆದಾರರ ಕೆಲಸದಿಂದ ಆರಂಭಿಸುವುದು ಒಳ್ಳೆಯದು. ನಿಮ್ಮ ಬಳಕೆದಾರರು ಒಂದು ಬಿಡಿಭಾಗವನ್ನು ಹುಡುಕುತ್ತಾರೆ, ಅದನ್ನು ತೆರೆಯುತ್ತಾರೆ, ಪ್ರಮಾಣ ಬದಲಿಸುತ್ತಾರೆ, ಅಳಿಸುತ್ತಾರೆ. ಇಲ್ಲಿ ಕೆಲಸದ ಘಟಕ ಸಾಲು. ಸಾಲು ಘಟಕವಾದಲ್ಲಿ ಲಿಸ್ಟ್ ಸಾಕು. ಮೇಲೆ ಕೆಳಗೆ ಹೋದಾಗ ಇಡೀ ಸಾಲು ಓದಲ್ಪಡುವುದೇ ಅಲ್ಲಿ ಅನುಕೂಲ. ಅಕ್ಕಪಕ್ಕದ ಸೆಲ್‌ಗಳಲ್ಲಿ ಒಂದರ ಹಿಂದೊಂದು ಅಂಕಿ ತುಂಬುತ್ತ ಹೋಗುವ ಕೆಲಸ, ಅಥವಾ ಒಂದು ಕಾಲಂನ ಮೌಲ್ಯಗಳನ್ನು ಕೆಳಮುಖವಾಗಿ ಹೋಲಿಸುವ ಕೆಲಸ ಮುಖ್ಯವಾದರೆ ಆಗ ಘಟಕ ಸೆಲ್, ಆಗ ನಿಜವಾದ ಗ್ರಿಡ್ ಬೇಕು. ಅನೇಕ ಪ್ರೋಗ್ರಾಮರ್‌ಗಳು ಡೇಟಾದಲ್ಲಿ ಕಾಲಂಗಳಿವೆ ಎಂಬ ಒಂದೇ ಕಾರಣಕ್ಕೆ ಗ್ರಿಡ್ ಹಾಕುತ್ತಾರೆ. ಬಳಸುವವರಿಗೆ ಮತ್ತೆ ಮತ್ತೆ ಬಲಬಾಣ ಒತ್ತುವ ಕೆಲಸ ಬೀಳುತ್ತದೆ. ಸಾಲಿನ ವಿವರ ತಿದ್ದಲು ಎಂಟರ್ ಒತ್ತಿದರೆ ತೆರೆದುಕೊಳ್ಳುವ ಚಿಕ್ಕ ಡಯಲಾಗ್, ಸೆಲ್‌ನೊಳಗೇ ತಿದ್ದುವ ವ್ಯವಸ್ಥೆಗಿಂತ ಬಹುತೇಕ ಯಾವಾಗಲೂ ಮೇಲು, ಏಕೆಂದರೆ ಡಯಲಾಗ್‌ನಲ್ಲಿ ಪ್ರತಿ ಕ್ಷೇತ್ರಕ್ಕೂ ತನ್ನದೇ ಲೇಬಲ್, ತನ್ನದೇ ತಪಾಸಣೆ ಇರುತ್ತವೆ, ಇಡೀ ಡಯಲಾಗ್‌ಗೆ ಒಂದು ರದ್ದು ಗುಂಡಿಯೂ ಇರುತ್ತದೆ.

ಈಗ ಲಿಸ್ಟ್ ಕಟ್ಟುವ ವಿಚಾರ. ಮೊದಲು ಅದಕ್ಕೆ ಹೆಸರು ಬೇಕು. ಟ್ಯಾಬ್ ಒತ್ತಿ ಬಂದವರಿಗೆ ಬರಿಯ ‘ಲಿಸ್ಟ್’ ಎಂದು ಕೇಳಿದರೆ ಪ್ರಯೋಜನವಿಲ್ಲ; ಅದರಲ್ಲೂ ಲಿಸ್ಟ್ ಖಾಲಿಯಿದ್ದಾಗ ಬೇರೇನೂ ಸುಳಿವು ಸಿಗುವುದಿಲ್ಲ. ವಿಂಡೋಸ್‌ನಲ್ಲಿ ಇಂಥ ಕಂಟ್ರೋಲ್‌ಗೆ ಹೆಸರು ಬರುವುದು ಅದಕ್ಕಿಂತ ಸರಿಯಾಗಿ ಮುಂಚೆ ಸೃಷ್ಟಿಯಾದ ಸ್ಟ್ಯಾಟಿಕ್ ಟೆಕ್ಸ್ಟ್‌ನಿಂದ, ಅಂದರೆ ಲೇಬಲ್‌ನಿಂದ. ಕಂಟ್ರೋಲ್‌ಗಳನ್ನು ಕಿಟಕಿಯಲ್ಲಿ ಜೋಡಿಸುವ ಸೈಜರ್‌ನಲ್ಲಿ ಯಾವುದನ್ನು ಮೊದಲು ಸೇರಿಸಿದಿರಿ ಎಂಬುದಲ್ಲ, ಕೋಡ್‌ನಲ್ಲಿ ಯಾವುದನ್ನು ಮೊದಲು ಸೃಷ್ಟಿಸಿದಿರಿ ಎಂಬುದೇ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಲೇಬಲ್ ಸೃಷ್ಟಿಸಿ, ಆಮೇಲೆ ಹುಡುಕುವ ಪೆಟ್ಟಿಗೆ ಸೃಷ್ಟಿಸಿ, ಅದಾದ ಮೇಲೆ ಲಿಸ್ಟ್ ಸೃಷ್ಟಿಸಿದರೆ ‘ಬಿಡಿಭಾಗಗಳು’ ಎಂಬ ಹೆಸರು ಹುಡುಕುವ ಪೆಟ್ಟಿಗೆಗೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ಲೇಬಲ್ ಲಿಸ್ಟ್‌ನ ತಲೆಯ ಮೇಲೆಯೇ ಕಾಣುವುದರಿಂದ ದೃಷ್ಟಿ ಇರುವ ಪ್ರೋಗ್ರಾಮರ್‌ಗಳಿಗೆ ಈ ದೋಷ ಹೊಳೆಯುವುದೇ ಇಲ್ಲ. ಇಂಥ ಕಡೆ ನಿಮ್ಮ ಕಿವಿ ಅವರ ಕಣ್ಣಿಗಿಂತ ಮುಂದಿದೆ.

ಎರಡನೆಯದು ಕಾಲಂಗಳ ಕ್ರಮ. ಒಂದು ಸಾಲಿಗೆ ಬಂದಾಗ ಎನ್‌ವಿಡಿಎ ಮೊದಲ ಕಾಲಂನ ಪಠ್ಯವನ್ನೂ ಅನಂತರ ಉಳಿದವನ್ನು ಶೀರ್ಷಿಕೆ ಸಹಿತವಾಗಿಯೂ ಓದುತ್ತದೆ: ‘ಬೇರಿಂಗ್ 6204, ಅಳತೆ: 20 ಮಿಮೀ, ಪ್ರಮಾಣ: 14, ಸ್ಥಿತಿ: ಕಡಿಮೆ ಇದೆ, ಬದಲಾದ ದಿನ: …’. ಬಳಕೆದಾರರು ಸರಸರನೆ ಕೆಳಗಿಳಿಯುವಾಗ ಮೊದಲ ಎರಡು ತುಣುಕು ಕೇಳುವಷ್ಟರಲ್ಲಿ ಮುಂದಿನ ಸಾಲಿಗೆ ಹೋಗಿರುತ್ತಾರೆ. ಆದ್ದರಿಂದ ಸಾಲನ್ನು ಗುರುತಿಸುವ ವಿಷಯ ಮೊದಲ ಕಾಲಂನಲ್ಲೂ, ನಿರ್ಧಾರಕ್ಕೆ ಬೇಕಾದ ವಿಷಯ ಅದರ ಮಗ್ಗುಲಲ್ಲೂ, ಅಪರೂಪಕ್ಕೆ ಬೇಕಾಗುವುದು ಕೊನೆಯಲ್ಲೂ ಇರಬೇಕು. ಅಕ್ಷರ ಒತ್ತಿ ಸಾಲಿಗೆ ಜಿಗಿಯುವ ಸೌಲಭ್ಯ ಕೂಡ ಮೊದಲ ಕಾಲಂನ ಪಠ್ಯವನ್ನೇ ನೋಡುತ್ತದೆ. ಡೇಟಾಬೇಸ್‌ನ ಆಂತರಿಕ ಕ್ರಮಸಂಖ್ಯೆಯನ್ನು ಮೊದಲ ಕಾಲಂನಲ್ಲಿ ಇಟ್ಟರೆ ಪ್ರತಿ ಸಾಲಿನಲ್ಲೂ ಯಾರಿಗೂ ಬೇಡದ ಒಂದು ಅಂಕಿಯನ್ನು ಕೇಳಿಸಿದಂತಾಗುತ್ತದೆ, ಜಿಗಿಯುವ ಸೌಲಭ್ಯವೂ ವ್ಯರ್ಥವಾಗುತ್ತದೆ. ಶೀರ್ಷಿಕೆಗಳು ಚಿಕ್ಕದಾಗಿರಲಿ, ‘ಕೊನೆಯ ಬಾರಿ ಬದಲಾಯಿಸಿದ ದಿನಾಂಕ’ ಎಂಬುದನ್ನು 5,000 ಸಾಲುಗಳಲ್ಲಿ ಕೇಳಬೇಕಾದವರ ಕಷ್ಟ ನಿಮಗೆ ಗೊತ್ತು.

ಮೂರನೆಯದು, ಬಣ್ಣ ಅಥವಾ ಚಿಹ್ನೆಯಲ್ಲಿ ಮಾತ್ರ ಇರುವ ಮಾಹಿತಿ. ಪ್ರಮಾಣ ಕಡಿಮೆಯಾದ ಸಾಲನ್ನು ಕೆಂಪು ಮಾಡಿದರೆ ಸ್ಕ್ರೀನ್ ರೀಡರ್ ಅದನ್ನು ಹೇಳುವುದಿಲ್ಲ. ಸ್ಥಿತಿಗೆ ಪಠ್ಯದ ಕಾಲಂ ಇರಲಿ, ಬಣ್ಣ ಅದರ ಜೊತೆಗಿರಲಿ.

ಐದು ಸಾವಿರ ಸಾಲುಗಳಿಗೆ ವರ್ಚುಯಲ್ ಶೈಲಿ ಒಳ್ಳೆಯದು. ಇದರಲ್ಲಿ ನೀವು ಸಾಲುಗಳನ್ನು ತುಂಬುವುದಿಲ್ಲ. ಒಟ್ಟು ಎಷ್ಟು ಸಾಲುಗಳೆಂದು ಸೆಟ್‌ಐಟಂಕೌಂಟ್ ಮೂಲಕ ತಿಳಿಸಿ, ಯಾವ ಸಾಲಿನ ಯಾವ ಕಾಲಂನಲ್ಲಿ ಏನಿದೆ ಎಂದು ಕಂಟ್ರೋಲ್ ಕೇಳಿದಾಗ ಆನ್‌ಗೆಟ್‌ಐಟಂಟೆಕ್ಸ್ಟ್ ಎಂಬ ವಿಧಾನದಲ್ಲಿ ಉತ್ತರ ಕೊಡುತ್ತೀರಿ. ಸ್ಕ್ರೀನ್ ರೀಡರ್‌ನ ಕೋರಿಕೆಗಳೂ ಇದೇ ವಿಧಾನಕ್ಕೆ ಬಂದು ಸೇರುವುದರಿಂದ ಇಲ್ಲಿ ಡೇಟಾಬೇಸ್ ಪ್ರಶ್ನೆ ನಡೆಸಬೇಡಿ; ಮೆಮೊರಿಯಲ್ಲಿ ಸಿದ್ಧವಾಗಿರುವ ಪಟ್ಟಿಯಿಂದ ತೆಗೆದುಕೊಡಿ. ಬಾಣದ ಕೀ ಒತ್ತಿದ ಮೇಲೆ ಮಾತು ಬರಲು ತಡವಾದರೆ ಮೊದಲು ಅನುಮಾನಿಸಬೇಕಾದ ಜಾಗ ಇದು.

ವರ್ಚುಯಲ್ ಲಿಸ್ಟ್‌ನಲ್ಲಿ ಒಂದು ಅಪಾಯ ಅಡಗಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಿಸ್ಟ್‌ಗೆ ಫೋಕಸ್ ಎಂದರೆ ಒಂದು ಸಾಲಿನ ಸಂಖ್ಯೆ ಮಾತ್ರ; ಆ ಸಾಲಿನಲ್ಲಿ ಯಾವ ದಾಖಲೆ ಇದೆ ಎಂಬುದರ ಅರಿವು ಅದಕ್ಕಿಲ್ಲ. ಬಳಕೆದಾರರು 41ನೇ ಸಾಲಿನಲ್ಲಿ ‘ಬೇರಿಂಗ್ 6204’ ಎಂದು ಕೇಳಿದ್ದಾರೆ ಎಂದುಕೊಳ್ಳಿ. ಅಷ್ಟರಲ್ಲಿ ಹಿನ್ನೆಲೆಯಲ್ಲಿ ಡೇಟಾ ಹೊಸದಾಗಿ ಬಂದು, ಮೇಲೆ ಎರಡು ಹೊಸ ದಾಖಲೆ ಸೇರಿ, ಬೇರಿಂಗ್ 43ನೇ ಸಾಲಿಗೆ ಹೋಯಿತು. ಫೋಕಸ್ 41ರಲ್ಲೇ ಇದೆ. ಫೋಕಸ್ ಸರಿದಿಲ್ಲವಾದ್ದರಿಂದ ಸ್ಕ್ರೀನ್ ರೀಡರ್ ಏನೂ ಹೇಳುವುದಿಲ್ಲ. ದೃಷ್ಟಿ ಇರುವವರಿಗೆ ಆಯ್ಕೆಯಾದ ಸಾಲಿನ ಪಠ್ಯ ಬದಲಾದುದು ಕಾಣುತ್ತದೆ. ಕೇಳುವವರು ಮಾತ್ರ ಡಿಲೀಟ್ ಒತ್ತಿ, ತಾವು ಕೇಳದೇ ಇದ್ದ ದಾಖಲೆಯನ್ನು ಅಳಿಸಿಬಿಡುತ್ತಾರೆ. ಪರಿಹಾರ ಕಷ್ಟದ್ದಲ್ಲ: ಪಟ್ಟಿ ಬದಲಿಸುವ ಮುನ್ನ ಫೋಕಸ್ ಇರುವ ದಾಖಲೆಯ ಸ್ಥಿರ ಗುರುತನ್ನು, ಅಂದರೆ ಡೇಟಾಬೇಸ್‌ನ ಕೀಯನ್ನು, ತೆಗೆದಿಟ್ಟುಕೊಳ್ಳಿ, ಪಟ್ಟಿ ಬದಲಿಸಿ, ಆ ಕೀ ಈಗ ಯಾವ ಸಾಲಿನಲ್ಲಿದೆ ಎಂದು ಹುಡುಕಿ ಅಲ್ಲಿಗೆ ಆಯ್ಕೆ ಮತ್ತು ಫೋಕಸ್ ಎರಡನ್ನೂ ಒಯ್ಯಿರಿ. ದಾಖಲೆಯೇ ಇಲ್ಲವಾಗಿದ್ದರೆ ಅದೇ ಸ್ಥಾನಕ್ಕೆ ಬಂದ ಮುಂದಿನ ಸಾಲಿಗೆ, ಅದೂ ಇಲ್ಲದಿದ್ದರೆ ಹಿಂದಿನ ಸಾಲಿಗೆ ಹೋಗಲಿ. ಇಷ್ಟಾದರೂ ಅಳಿಸುವ ಮುನ್ನ ಕೇಳುವ ಖಚಿತೀಕರಣದ ಡಯಲಾಗ್‌ನಲ್ಲಿ ‘ಅಳಿಸಬೇಕೆ?’ ಎಂದಷ್ಟೇ ಕೇಳದೆ ದಾಖಲೆಯ ಹೆಸರನ್ನೂ ಹಾಕಿ.

ಆಯ್ಕೆ ಮತ್ತು ಫೋಕಸ್ ಎರಡನ್ನೂ ಎಂದೆ, ಏಕೆಂದರೆ ವಿಂಡೋಸ್ ಲಿಸ್ಟ್ ವ್ಯೂನಲ್ಲಿ ಅವು ಬೇರೆ ಬೇರೆ ಸ್ಥಿತಿಗಳು. ಆಯ್ಕೆಯನ್ನಷ್ಟೇ ಬದಲಿಸಿದರೆ ನೀಲಿ ಪಟ್ಟಿ ಹೊಸ ಸಾಲಿನ ಮೇಲೆ ಕಾಣುತ್ತದೆ, ಆದರೆ ಮುಂದಿನ ಬಾಣದ ಕೀ ಹಳೆಯ ಜಾಗದಿಂದಲೇ ಹೊರಡುತ್ತದೆ. ಫೋಕಸನ್ನಷ್ಟೇ ಒಯ್ದರೆ ಎನ್‌ವಿಡಿಎ ಸಾಲಿನ ಜೊತೆಗೆ ‘ಆಯ್ಕೆಯಾಗಿಲ್ಲ’ ಎಂದೂ ಹೇಳುತ್ತದೆ. ಒಂದೇ ಸಾಲು ಆರಿಸುವ ಟೇಬಲ್ ಆದರೆ ಸಿಂಗಲ್ ಸೆಲೆಕ್ಷನ್ ಶೈಲಿಯನ್ನೂ ಸೇರಿಸಿ.

ಕಾಲಂ ಶೀರ್ಷಿಕೆಯ ಮೇಲೆ ಕ್ಲಿಕ್ ಮಾಡಿ ವಿಂಗಡಿಸುವ ಅಭ್ಯಾಸ ಎಲ್ಲರಿಗೂ ಇದೆ, ಆದರೆ ಈ ಲಿಸ್ಟ್‌ನ ಶೀರ್ಷಿಕೆಗಳಿಗೆ ಕೀಬೋರ್ಡ್‌ನಿಂದ ಹೋಗಲಾಗದು. ಮೆನುವಿನಲ್ಲಿ ‘ವಿಂಗಡಣೆ’ ಎಂಬ ಉಪಮೆನು ಮಾಡಿ, ಪ್ರತಿ ಕಾಲಂಗೂ ರೇಡಿಯೊ ಅಂಶ ಇಟ್ಟರೆ ಈಗ ಯಾವುದರಂತೆ ವಿಂಗಡಣೆಯಾಗಿದೆ ಎಂಬುದು ಮೆನು ತೆರೆದಾಗಲೇ ಕೇಳುತ್ತದೆ. ವಿಂಗಡಣೆಯನ್ನು ತೋರಿಸುವ ಪಠ್ಯದ ಮೇಲೆ ಮಾಡಬೇಡಿ, ಮೂಲ ಮೌಲ್ಯದ ಮೇಲೆ ಮಾಡಿ; ಇಲ್ಲದಿದ್ದರೆ 9 ಎಂಬುದು 14ರ ನಂತರ ಬರುತ್ತದೆ. ಶಾರ್ಟ್‌ಕಟ್ ಆರಿಸುವಾಗ ಕಂಟ್ರೋಲ್, ಆಲ್ಟ್ ಜೊತೆಗಿನ ಬಾಣದ ಕೀಗಳನ್ನು ಮುಟ್ಟಬೇಡಿ. ಎನ್‌ವಿಡಿಎ ಮತ್ತು ಜಾಸ್ ಎರಡರಲ್ಲೂ ಟೇಬಲ್‌ನೊಳಗೆ ಸಂಚರಿಸಲು ಇರುವ ಆದೇಶಗಳು ಅವೇ, ಮತ್ತು ಸಾಲು ಘಟಕವಾದ ನಿಮ್ಮ ಲಿಸ್ಟ್‌ನಲ್ಲೂ ಒಂದೊಂದೇ ಕಾಲಂ ಕೇಳಲು ಎನ್‌ವಿಡಿಎ ಬಳಕೆದಾರರು ಅವನ್ನೇ ಒತ್ತುತ್ತಾರೆ.

ಮೌಸ್‌ನ ಬಲಗುಂಡಿಯ ಮೆನುವಿನಲ್ಲಿ ಒಂದು ವಿಚಿತ್ರ ತೊಡಕಿದೆ, ಅದು ನಮ್ಮಂಥ ಅಂಧರ ಗಮನಕ್ಕೆ ತಾನಾಗಿ ಬರುವಂಥದ್ದಲ್ಲ. ಅಪ್ಲಿಕೇಷನ್ ಕೀ ಒತ್ತಿ ಮೆನು ತೆರೆದಾಗ ಆ ಘಟನೆಯೊಂದಿಗೆ ಬರುವ ಸ್ಥಾನ ಋಣ ಒಂದು, ಋಣ ಒಂದು. ಅಂದರೆ ಸ್ಥಾನ ಗೊತ್ತಿಲ್ಲ ಎಂದರ್ಥ. ಅದನ್ನು ಹಾಗೆಯೇ ಬಿಟ್ಟರೆ ಮೆನು ಮೌಸ್ ಎಲ್ಲಿದೆಯೋ ಅಲ್ಲಿ, ಸಾಲಿಗೆ ಸಂಬಂಧವೇ ಇಲ್ಲದ ಮೂಲೆಯಲ್ಲಿ ತೆರೆಯುತ್ತದೆ. ಮೆನು ನಮಗೆ ಸರಿಯಾಗಿಯೇ ಓದಿ ಕೇಳಿಸುತ್ತದೆ. ಕೀಬೋರ್ಡ್ ಬಳಸುವ ದೃಷ್ಟಿಯುಳ್ಳವರು ಅಥವಾ ಪರದೆಯ ಒಂದು ಭಾಗವನ್ನು ಹಿಗ್ಗಿಸಿ ನೋಡುವ ಅಲ್ಪದೃಷ್ಟಿಯವರು ಅದನ್ನು ಹುಡುಕಬೇಕಾಗುತ್ತದೆ. ಆ ಸ್ಥಾನ ಬಂದಾಗ ಗೆಟ್‌ಐಟಂರೆಕ್ಟ್‌ನಿಂದ ಫೋಕಸ್ ಇರುವ ಸಾಲಿನ ಆಯತ ಪಡೆದು ಅದರ ಕೆಳಗೆ ಮೆನು ತೆರೆಯಿರಿ.

ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಕಾಲಂನ ಅಗಲ ಸಾಲದಿದ್ದಾಗ ವಿಂಡೋಸ್ ಪಠ್ಯವನ್ನು ಮೊಟಕುಗೊಳಿಸಿ ಮೂರು ಚುಕ್ಕೆ ಹಾಕುತ್ತದೆ. ಸ್ಕ್ರೀನ್ ರೀಡರ್‌ಗೆ ಹೋಗುವುದು ಮಾತ್ರ ಮೊಟಕಾಗದ ಪೂರ್ಣ ಪಠ್ಯ. ಆದ್ದರಿಂದ ನೀವು ಎಷ್ಟು ಗಮನವಿಟ್ಟು ಕೇಳಿದರೂ ಈ ದೋಷ ಕಿವಿಗೆ ಬೀಳುವುದಿಲ್ಲ. ಅದನ್ನು ಲೆಕ್ಕದಿಂದಲೇ ಹಿಡಿಯಬೇಕು. ಗೆಟ್‌ಟೆಕ್ಸ್ಟ್‌ಎಕ್ಸ್‌ಟೆಂಟ್ ಎಂಬ ವಿಧಾನಕ್ಕೆ ಒಂದು ಪಠ್ಯ ಕೊಟ್ಟರೆ ಆ ಕಂಟ್ರೋಲ್‌ನ ಫಾಂಟ್‌ನಲ್ಲಿ ಅದು ಎಷ್ಟು ಪಿಕ್ಸೆಲ್ ಅಗಲ ಎಂಬುದು ಸಿಗುತ್ತದೆ; ಗೆಟ್‌ಕಾಲಂವಿಡ್ತ್ ಕಾಲಂನ ಈಗಿನ ಅಗಲ ಕೊಡುತ್ತದೆ. ಪ್ರತಿ ಕಾಲಂನ ಎಲ್ಲ ಮೌಲ್ಯಗಳನ್ನೂ, ಶೀರ್ಷಿಕೆಯನ್ನೂ ಅಳೆದು, ಅಂಚಿಗೆಂದು ಹನ್ನೆರಡರಿಂದ ಹದಿನಾರು ಪಿಕ್ಸೆಲ್ ಕೂಡಿಸಿ, ಕಾಲಂನ ಅಗಲದೊಂದಿಗೆ ಹೋಲಿಸುವ ಪುಟ್ಟ ಫಂಕ್ಷನ್ ಬರೆದುಕೊಳ್ಳಿ. ಅದು ‘ಹೆಸರು ಕಾಲಂ: ಅಗಲ 120, ಬೇಕಾದದ್ದು 212, ಮೊಟಕಾಗುವ ಸಾಲುಗಳು 37’ ಎಂಬಂತೆ ಲಾಗ್‌ಗೆ ಬರೆಯಲಿ. ನಿಮ್ಮ ಸಹೋದ್ಯೋಗಿ ಕಣ್ಣಿನಲ್ಲಿ ಕಂಡದ್ದಕ್ಕಿಂತ ಹೆಚ್ಚು ಖಚಿತವಾದ ವರದಿ ಇದು, ಏಕೆಂದರೆ ಅವರು ಮೊದಲ ಪರದೆಯ ಮೂವತ್ತು ಸಾಲು ನೋಡಿರುತ್ತಾರೆ, ನಿಮ್ಮ ಫಂಕ್ಷನ್ ಐದು ಸಾವಿರವನ್ನೂ ನೋಡಿರುತ್ತದೆ. ಒಂದೆರಡು ಅತಿ ಉದ್ದದ ಮೌಲ್ಯಗಳಿಗಾಗಿ ಕಾಲಂ ಹಿಗ್ಗಿಸಿ ಉಳಿದವನ್ನು ಪರದೆಯಾಚೆ ತಳ್ಳುವುದೂ ತಪ್ಪೇ; ನೂರರಲ್ಲಿ ತೊಂಬತ್ತೈದು ಮೌಲ್ಯಗಳು ಹಿಡಿಯುವ ಅಗಲ ಸಾಮಾನ್ಯವಾಗಿ ಒಳ್ಳೆಯ ತೀರ್ಮಾನ. ಅಗಲಗಳನ್ನು ಬರಿಯ ಪಿಕ್ಸೆಲ್ ಅಂಕಿಯಾಗಿ ಕೋಡ್‌ನಲ್ಲಿ ಬರೆದಿದ್ದರೆ ಪರದೆಯ ಹಿಗ್ಗುವಿಕೆಗೆ ತಕ್ಕಂತೆ ಅಂಕಿ ಬದಲಿಸುವ ಫ್ರಮ್‌ಡಿಐಪಿ ಮೂಲಕ ಹಾಯಿಸಿ, ಇಲ್ಲದಿದ್ದರೆ ಶೇಕಡಾ 150ರ ಹಿಗ್ಗುವಿಕೆ ಇಟ್ಟ ಪರದೆಯಲ್ಲಿ ಎಲ್ಲ ಕಾಲಂಗಳೂ ಮತ್ತೆ ಇಕ್ಕಟ್ಟಾಗುತ್ತವೆ. ಇನ್ನೊಂದು ಮಿತಿಯೂ ನೆನಪಿರಲಿ: ಕಾಲಂ ಎಷ್ಟೇ ಅಗಲವಿದ್ದರೂ ವಿಂಡೋಸ್ ಲಿಸ್ಟ್ ವ್ಯೂ ಒಂದು ಸೆಲ್‌ನ ಮೊದಲ 259 ಅಕ್ಷರಗಳನ್ನು ಮಾತ್ರ ತೋರಿಸುತ್ತದೆ. ಉದ್ದದ ಟಿಪ್ಪಣಿಗಳ ಜಾಗ ಲಿಸ್ಟ್ ಅಲ್ಲ, ವಿವರದ ಡಯಲಾಗ್.

ಅಂಕಿಗಳ ಕಾಲಂಗಳನ್ನು ಬಲಕ್ಕೆ ಹೊಂದಿಸಿ. ಬಿಡಿ, ಹತ್ತು, ನೂರರ ಸ್ಥಾನಗಳು ಒಂದರ ಕೆಳಗೊಂದು ಬಂದಾಗ ಮಾತ್ರ ಕಣ್ಣು ಮೌಲ್ಯಗಳನ್ನು ಥಟ್ಟನೆ ಹೋಲಿಸಬಲ್ಲದು. ನಮಗೆ ಇದರಿಂದ ಯಾವ ವ್ಯತ್ಯಾಸವೂ ಕೇಳಿಸದಿದ್ದರೂ ಅವರಿಗೆ ಇದು ಮುಖ್ಯ. ಆದರೆ ಈ ಕಂಟ್ರೋಲ್‌ನಲ್ಲಿ ಮೊದಲ ಕಾಲಂ ಯಾವಾಗಲೂ ಎಡಕ್ಕೇ ಇರುತ್ತದೆ, ಬಲಕ್ಕೆ ಹೊಂದಿಸು ಎಂದರೂ ಕೇಳುವುದಿಲ್ಲ. ಮೊದಲ ಕಾಲಂನಲ್ಲಿ ಅಂಕಿ ಬೇಡವೆನ್ನಲು ಇದು ಇನ್ನೊಂದು ಕಾರಣ. ಬಣ್ಣಗಳನ್ನು ನೀವೇ ನಿಗದಿಪಡಿಸಿದರೆ ಅಕ್ಷರ ಮತ್ತು ಹಿನ್ನೆಲೆಯ ವ್ಯತ್ಯಾಸದ ಅನುಪಾತವನ್ನು ಲೆಕ್ಕಹಾಕಿ. ಸಾಮಾನ್ಯ ಗಾತ್ರದ ಪಠ್ಯಕ್ಕೆ ಡಬ್ಲ್ಯುಸಿಎಜಿ (ವೆಬ್‌ನ ಆಕ್ಸೆಸಿಬಿಲಿಟಿ ಮಾರ್ಗಸೂಚಿ) ಹೇಳುವ ಕನಿಷ್ಠ 4.5ಕ್ಕೆ 1. ಆ ಸೂತ್ರ ಕೆಂಪು, ಹಸಿರು, ನೀಲಿಯ ಮೂರು ಅಂಕಿಗಳಿಂದಲೇ ನಡೆಯುವುದರಿಂದ ಕಣ್ಣಿನ ಹಂಗಿಲ್ಲ. ಬಣ್ಣವನ್ನು ನಿಗದಿಪಡಿಸದೆ ಸಿಸ್ಟಂನದಕ್ಕೇ ಬಿಡುವುದು ಇನ್ನೂ ಸುಲಭ, ಹೈ ಕಾಂಟ್ರಾಸ್ಟ್ ಬಳಸುವವರಿಗೆ ಹಿತ ಕೂಡ.

ಲೆಕ್ಕ ಸರಿಯಾಯಿತೇ ಎಂದು ತಾಳೆ ನೋಡಲು ನಿಮ್ಮ ಕೈಯಲ್ಲೇ ಒಂದು ಸಾಧನವಿದೆ. ಲಿಸ್ಟ್‌ನ ಮೇಲೆ ನಿಂತು ಎನ್‌ವಿಡಿಎ ಕೀ ಜೊತೆ ಆರ್ ಒತ್ತಿದರೆ ವಿಂಡೋಸ್‌ನ ಒಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ವ್ಯವಸ್ಥೆ), ನ್ಯಾವಿಗೇಟರ್ ಆಬ್ಜೆಕ್ಟ್, ಅಂದರೆ ಎನ್‌ವಿಡಿಎ ಆಗ ಗಮನಿಸುತ್ತಿರುವ ವಸ್ತು, ಇರುವ ಜಾಗದ ಪಿಕ್ಸೆಲ್‌ಗಳನ್ನು ಓದುತ್ತದೆ. ಸಾಮಾನ್ಯ ಓದಿನಲ್ಲಿ ಪೂರ್ಣವಾಗಿ ಬಂದ ಹೆಸರು ಒಸಿಆರ್‌ನಲ್ಲಿ ಅರ್ಧಕ್ಕೆ ನಿಂತರೆ ಕಾಣುವ ಟೇಬಲ್‌ನಲ್ಲಿ ಅದು ಮೊಟಕಾಗಿದೆ ಎಂದೇ ಅರ್ಥ. ಪರಿಚಿತ ಬಳಕೆಯಲ್ಲಿ ಒಸಿಆರ್ ಎಂದರೆ ಲೇಬಲ್ ಇಲ್ಲದ ಗುಂಡಿಗಳನ್ನು ಕಂಡುಹಿಡಿಯುವ ಉಪಾಯ. ಪ್ರೋಗ್ರಾಮರ್‌ಗೆ ಅದು ಎರಡು ಟೇಬಲ್‌ಗಳ ಅಂತರವನ್ನು ಅಳೆಯುವ ಮಾಪಕವೂ ಆಗುತ್ತದೆ. ಪರೀಕ್ಷೆಗೆ ಮುನ್ನ, ಪರದೆಯನ್ನು ಕಪ್ಪಾಗಿಸುವ ಸ್ಕ್ರೀನ್ ಕರ್ಟನ್ ಅನ್ನು ಆಫ್ ಮಾಡಿರಬೇಕು. ಅದು ಚಾಲೂ ಇದ್ದರೆ ಎನ್‌ವಿಡಿಎ ಒಸಿಆರ್ ನಡೆಸುವುದಿಲ್ಲ.

ಕೇಳುವ ಟೇಬಲ್‌ನ ಒಳಗೆ ಇಣುಕಲು ಎನ್‌ವಿಡಿಎಗಿಂತ ಒಳ್ಳೆಯ ಉಪಕರಣ ಪೈಥಾನ್ ಬಲ್ಲವರಿಗೆ ಬೇಕಿಲ್ಲ, ಏಕೆಂದರೆ ಅದು ಬಹುಮಟ್ಟಿಗೆ ಪೈಥಾನ್‌ನಲ್ಲೇ ಬರೆದದ್ದು. ಸಾಲಿನ ಮೇಲೆ ನಿಂತು ಎನ್‌ವಿಡಿಎ ಮತ್ತು ಎಫ್1 ಒತ್ತಿದರೆ ಆ ವಸ್ತುವಿನ ಹೆಸರು, ಪಾತ್ರ, ಸ್ಥಿತಿ, ಕಿಟಕಿಯ ಕ್ಲಾಸ್ ಎಲ್ಲವೂ ಲಾಗ್ ವ್ಯೂವರ್‌ನಲ್ಲಿ ಬರುತ್ತವೆ. ಎನ್‌ವಿಡಿಎ, ಕಂಟ್ರೋಲ್, ಝಡ್ ಒತ್ತಿದರೆ ಪೈಥಾನ್ ಕನ್ಸೋಲ್ ತೆರೆಯುತ್ತದೆ. ನೀವು ಅದುವರೆಗೆ ಎಲ್ಲಿ ನಿಂತಿದ್ದಿರೋ ಆ ವಸ್ತು ‘ಫೋಕಸ್’ ಎಂಬ ವೇರಿಯಬಲ್‌ನಲ್ಲಿ ಸಿದ್ಧವಾಗಿರುತ್ತದೆ, ಅದರ ಗುಣಗಳನ್ನು ಒಂದೊಂದಾಗಿ ಕೇಳಬಹುದು. ಕಿಟಕಿಯ ಕ್ಲಾಸ್ ಸಿಸ್‌ಲಿಸ್ಟ್‌ವ್ಯೂ32 ಎಂದು ಬಂದರೆ ನೆಲ ಗಟ್ಟಿ. ಬೇರೇನಾದರೂ ಬಂದರೆ, ಅಂದರೆ ಟೂಲ್‌ಕಿಟ್ ತನ್ನದೇ ಚಿತ್ರ ಬರೆಯುತ್ತಿದ್ದರೆ, ಎಲ್ಲವನ್ನೂ ಅನುಮಾನದಿಂದ ಪರೀಕ್ಷಿಸಿ. ಮುಂದೆ ಇದನ್ನೆಲ್ಲ ಪ್ರತಿ ಬಾರಿ ಕೈಯಿಂದ ಮಾಡಲು ಬೇಸರವಾದಾಗ ಪೈವಿನ್‌ಆಟೊ ಎಂಬ ಲೈಬ್ರರಿಯಿಂದ ಚಾಲನೆಯಲ್ಲಿರುವ ತಂತ್ರಾಂಶದ ಲಿಸ್ಟನ್ನು ಹೊರಗಿನಿಂದ ಓದಿ, ನಿಮ್ಮ ಡೇಟಾದೊಂದಿಗೆ ತಾಳೆ ನೋಡುವ ಸ್ವಯಂಚಾಲಿತ ಪರೀಕ್ಷೆ ಬರೆಯಬಹುದು.

ಸಹೋದ್ಯೋಗಿಯ ಕಣ್ಣು ಇಷ್ಟಾದರೂ ಬೇಕು. ಆದರೆ ‘ಚೆನ್ನಾಗಿ ಕಾಣುತ್ತದೆಯೇ’ ಎಂದು ಕೇಳಬೇಡಿ, ಅದಕ್ಕೆ ಬರುವ ಉತ್ತರ ‘ಹೂಂ’ ಒಂದೇ. ಕಿಟಕಿಯನ್ನು ಅತಿ ಚಿಕ್ಕದು ಮಾಡಿದಾಗ ಯಾವ ಕಾಲಂ ಮರೆಯಾಗುತ್ತದೆ, ಹುಡುಕುವ ಪೆಟ್ಟಿಗೆಗೆ ಹೋದಾಗ ಆಯ್ಕೆಯಾದ ಸಾಲು ಇನ್ನೂ ಗುರುತು ಸಿಗುತ್ತದೆಯೇ, ಲಿಸ್ಟ್‌ನ ಕೆಳಗೆ ಖಾಲಿ ಜಾಗ ಉಳಿದಿದೆಯೇ ಎಂದು ಒಂದೊಂದಾಗಿ ಕೇಳಿ.

ಬದಲಾವಣೆಗಳನ್ನು ಕೇಳಿಸಲು ಎನ್‌ವಿಡಿಎಗೆ ನೇರವಾಗಿ ಮಾತು ಕಳಿಸುವ ಲೈಬ್ರರಿಗಳಿವೆ, ಅವುಗಳ ಆಕರ್ಷಣೆ ನಮ್ಮಲ್ಲಿ ಅನೇಕರಿಗಿದೆ. ಗ್ರಿಡ್ ಮೌನವಾಗಿದ್ದಾಗ ಪ್ರತಿ ಬಾಣದ ಕೀಗೂ ಸೆಲ್‌ನ ಪಠ್ಯವನ್ನು ಹೀಗೆ ನುಡಿಸಿಬಿಡೋಣ ಎನ್ನಿಸುವುದು ಸಹಜ. ಹಾಗೆ ಮಾಡಿದರೆ ನಿಮಗೆ ಮಾತು ಕೇಳುತ್ತದೆ, ಆದರೆ ಆಕ್ಸೆಸಿಬಿಲಿಟಿ ಎಪಿಐನಲ್ಲಿ ಆ ಸೆಲ್ ಇನ್ನೂ ಇರುವುದಿಲ್ಲ: ಅಕ್ಷರ ಅಕ್ಷರವಾಗಿ ಬಿಡಿಸಿ ಕೇಳಲಾಗದು, ಒಂದು ಸಲ ಕೇಳಿ ತಪ್ಪಿಹೋದುದನ್ನು ಸ್ಕ್ರೀನ್ ರೀಡರ್‌ನ ಆದೇಶದಿಂದ ಮತ್ತೆ ಓದಿಸಲಾಗದು. ‘37 ದಾಖಲೆ ಸಿಕ್ಕಿವೆ’ ಎಂಬಂಥ ಕ್ಷಣಿಕ ಸುದ್ದಿಗೆ ಮಾತ್ರ ಆ ದಾರಿ ಹಿಡಿಯಿರಿ, ಅದನ್ನೂ ಸ್ಟೇಟಸ್ ಬಾರ್‌ನಲ್ಲಿ ಪಠ್ಯವಾಗಿ ಉಳಿಸಿ.

ಬೇರೆ ಟೂಲ್‌ಕಿಟ್‌ಗಳ ಬಗ್ಗೆ ಕೇಳಿದ್ದೀರಿ. ಟಿಕಿಂಟರ್ ಬೇಡ, ಅದರಡಿಯಿರುವ ಟಿಕೆ 8.6 ತನ್ನ ಟ್ರೀವ್ಯೂವನ್ನು ತಾನೇ ಚಿತ್ರಿಸುತ್ತದೆ, ವಿಂಡೋಸ್‌ನ ಸ್ಕ್ರೀನ್ ರೀಡರ್‌ಗಳಿಗೆ ಅದರ ಸಾಲುಗಳು ಸಿಗುವುದಿಲ್ಲ. ಸೆಲ್ ಘಟಕವಾದ ಟೇಬಲ್ ಮುಂದೆಂದಾದರೂ ಬೇಕಾದರೆ ಕ್ಯೂಟಿ ನೋಡಿ. ಅದೂ ಸ್ವತಃ ಚಿತ್ರಿಸಿಕೊಳ್ಳುತ್ತದೆ, ಆದರೆ ಆಕ್ಸೆಸಿಬಿಲಿಟಿ ಎಪಿಐಯನ್ನು ತಾನೇ ಒದಗಿಸುತ್ತದೆ, 5.11ನೇ ಆವೃತ್ತಿಯಿಂದ ವಿಂಡೋಸ್‌ನಲ್ಲಿ ಅದು ಯುಐ ಆಟೊಮೇಷನ್ ಮೂಲಕ ಮಾತಾಡುತ್ತದೆ. ಅಲ್ಲಿ ಸ್ಕ್ರೀನ್ ರೀಡರ್‌ಗೆ ಸಿಗುವುದು ಮಾಡೆಲ್‌ನಿಂದ, ಅಂದರೆ ಡೇಟಾ ಒದಗಿಸುವ ಕ್ಲಾಸ್‌ನಿಂದ, ಬರುವ ಮೌಲ್ಯ. ಸೆಲ್ ಚಿತ್ರಿಸುವ ಡೆಲಿಗೇಟ್‌ನಲ್ಲಿ ನೀವು ನಕ್ಷತ್ರವನ್ನೋ ಬಣ್ಣದ ಪಟ್ಟಿಯನ್ನೋ ಚಿತ್ರಿಸಿದರೆ ಅದು ಯಾರಿಗೂ ಕೇಳಿಸುವುದಿಲ್ಲ. ಅಂಥ ಸೆಲ್‌ಗಳಿಗೆ ಆಕ್ಸೆಸಿಬಲ್‌ಟೆಕ್ಸ್ಟ್‌ರೋಲ್ ಎಂಬ ರೋಲ್‌ನಲ್ಲಿ ಪಠ್ಯ ಹಿಂದಿರುಗಿಸಬೇಕು. ಕ್ಯೂಟೇಬಲ್‌ವ್ಯೂನಲ್ಲಿ ಟ್ಯಾಬ್ ಕೀ ಸೆಲ್‌ನಿಂದ ಸೆಲ್‌ಗೆ ಹೋಗುತ್ತದೆ, ಹೊರಗೆ ಬರಲು ದಾರಿ ಸಿಗುವುದಿಲ್ಲ. ಸೆಟ್‌ಟ್ಯಾಬ್‌ಕೀನ್ಯಾವಿಗೇಷನ್ ಮೂಲಕ ಅದನ್ನು ಆಫ್ ಮಾಡಿಬಿಡಿ. ಡೇಟಾ ಬದಲಾದಾಗ ಇಡೀ ಮಾಡೆಲ್ ರೀಸೆಟ್ ಮಾಡಿದರೆ ಆಯ್ಕೆಯೂ ಫೋಕಸ್ ಇರುವ ಸೆಲ್ಲೂ ಕಳೆದುಹೋಗುತ್ತವೆ, ಸೇರಿದ ಸಾಲು, ಬದಲಾದ ಸೆಲ್‌ಗಳ ಸೂಚನೆಯನ್ನಷ್ಟೇ ಕಳಿಸಿ.

ಡಾಟ್‌ನೆಟ್ ಕಡೆ ಹೋದರೆ ವಿನ್‌ಫಾರ್ಮ್ಸ್‌ನ ಲಿಸ್ಟ್‌ವ್ಯೂ ನೀವು ಈಗ ಬಳಸುತ್ತಿರುವ ಅದೇ ವಿಂಡೋಸ್ ಕಂಟ್ರೋಲ್. ಅಲ್ಲಿನ ಡೇಟಾಗ್ರಿಡ್‌ವ್ಯೂನಲ್ಲಿ ಟ್ಯಾಬ್‌ನ ತೊಂದರೆಗೆ ಸ್ಟ್ಯಾಂಡರ್ಡ್‌ಟ್ಯಾಬ್ ಎಂಬ ಗುಣವಿದೆ. ಡಬ್ಲ್ಯುಪಿಎಫ್‌ನಲ್ಲಿ ಸಾಲಿಗೆ ಬಂದಾಗ ಹೆಸರಿನ ಬದಲು ನಿಮ್ಮ ಕ್ಲಾಸ್‌ನ ಪೂರ್ಣ ಹೆಸರು ಕೇಳಿಬಂದರೆ ಗಾಬರಿಯಾಗಬೇಡಿ. ಟುಸ್ಟ್ರಿಂಗ್ ವಿಧಾನವನ್ನು ಬರೆದರೆ ಅಥವಾ ಸಾಲಿನ ಸ್ಟೈಲ್‌ನಲ್ಲಿ ಆಟೊಮೇಷನ್‌ಪ್ರಾಪರ್ಟೀಸ್‌ನ ಹೆಸರು ಕೊಟ್ಟರೆ ಸರಿಹೋಗುತ್ತದೆ. ಜಾವಾ ಸ್ವಿಂಗ್‌ನ ಜೆಟೇಬಲ್‌ಗೆ, ಸ್ಕ್ರೀನ್ ರೀಡರ್‌ಗೆ ಸೇತುವೆಯಾಗುವ ಜಾವಾ ಆಕ್ಸೆಸ್ ಬ್ರಿಡ್ಜ್ ಬೇಕು. ಜಾವಾ 7ರ 6ನೇ ಅಪ್‌ಡೇಟ್‌ನಿಂದ ಅದು ಜೊತೆಗೇ ಬರುತ್ತದೆ, ಆದರೆ ಬಳಕೆದಾರರ ಯಂತ್ರದಲ್ಲಿ ಅದನ್ನು ಚಾಲೂ ಮಾಡಿಕೊಳ್ಳಬೇಕು.

ನೀವು ಡಬ್ಲ್ಯುಎಕ್ಸ್‌ನಲ್ಲೇ ಉಳಿದು ನಾಳೆ ಮ್ಯಾಕ್ ಅಥವಾ ಲಿನಕ್ಸ್‌ಗೂ ತಂತ್ರಾಂಶ ಕೊಡಬೇಕಾಗಿ ಬಂದರೆ ಇಲ್ಲಿ ಹೇಳಿದ್ದರಲ್ಲಿ ಒಂದು ಮಾತು ತಲೆಕೆಳಗಾಗುತ್ತದೆ. ಆ ಎರಡು ಕಡೆ ಲಿಸ್ಟ್ ಕಂಟ್ರೋಲ್ ಸಿಸ್ಟಂನದಲ್ಲ, ಡಬ್ಲ್ಯುಎಕ್ಸ್ ತಾನೇ ಚಿತ್ರಿಸುವಂಥದು. ಸಿಸ್ಟಂನ ನಿಜವಾದ ಟೇಬಲ್ ಆಗಿ ಬರುವುದು ಡೇಟಾವ್ಯೂ ಕಂಟ್ರೋಲ್. ವಿಂಡೋಸ್‌ನಲ್ಲಿ ಇದಕ್ಕೆ ವಿರುದ್ಧ. ಆದ್ದರಿಂದ ಈಗಲೇ ದಾಖಲೆಗಳ ಪಟ್ಟಿ, ಕಾಲಂಗಳ ವಿವರಣೆ, ವಿಂಗಡಣೆ, ಕೀಯಿಂದ ಸಾಲು ಹುಡುಕುವ ಕೆಲಸ ಇವನ್ನು ಕಂಟ್ರೋಲ್‌ನ ಹೆಸರೇ ಎತ್ತದ ಪ್ರತ್ಯೇಕ ಕ್ಲಾಸ್‌ನಲ್ಲಿ ಇಡಿ. ಆಗ ವಿಂಡೋಸ್‌ಗೆ ಲಿಸ್ಟ್ ಕಂಟ್ರೋಲ್‌ನ, ಉಳಿದವಕ್ಕೆ ಡೇಟಾವ್ಯೂನ ತೆಳುವಾದ ಹೊದಿಕೆ ಬರೆದರೆ ಸಾಕಾಗುತ್ತದೆ, ಅಗಲ ಅಳೆಯುವ ಫಂಕ್ಷನ್‌ಗೆ ಬೇಕಾದ ಪಠ್ಯಗಳೂ ಎರಡು ಕಡೆ ಅದೇ ಕ್ಲಾಸ್‌ನಿಂದ ಸಿಗುತ್ತವೆ.